ಲೋನ್ ಕೆಟಲ್‌ನ ಎಪ್ಪತ್ತೆರಡು ಮಂದಿ

ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ಲೋನ್ ಕೆಟಲ್ ಎಂದು ಒಂದು ಊರು. ಊರು ಎನ್ನುವುದು ಮರ್ಯಾದೆಗೆ. ಹೆದ್ದಾರಿಯ ಬದಿಗೆ ಒಂದು ಧಾನ್ಯದ ಕಣಜ, ಒಂದು ಚರ್ಚು, ಒಂದು ಹೋಟೆಲು, ಹೋಟೆಲಿನ ಮೂಲೆಯಲ್ಲೇ ಅಂಚೆಯ ಕಿಟಕಿ, ಹಿಂದೆ ಹನ್ನೆರಡೋ ಹದಿಮೂರೋ ಮನೆ. ಒಟ್ಟು ವಿಸ್ತೀರ್ಣ ಕಾಲು ಚದರ ಮೈಲಿ. ಅದರಲ್ಲಿ ನೆಲ ಕಾಲು ಚದರ ಮೈಲಿ, ನೀರು ಸೊನ್ನೆ. ಜನಸಂಖ್ಯೆ ಇಪ್ಪತ್ತೇಳು. ಪಂಚಾಂಗದಲ್ಲಿ ನಕ್ಷತ್ರಗಳೆಷ್ಟೋ ಅಷ್ಟು. ಒಂದೇ ವ್ಯತ್ಯಾಸವೆಂದರೆ ನಕ್ಷತ್ರಗಳು ಮನೆಗೆ ಬೀಗ ಹಾಕಿಕೊಂಡು ಓಮಾಹಾ ಪಟ್ಟಣಕ್ಕೆ ಹೋಗಿ ನೆಲೆಸುವುದಿಲ್ಲ.

ಇಂಥ ಊರಿಗೆ ಒಂದು ಗುರುವಾರ ಮಧ್ಯಾಹ್ನ, ಊಟದ ಡಬ್ಬಿ ತೊಳೆದಿಟ್ಟು ಬಂದು ಕೂತ ಐದೇ ನಿಮಿಷದಲ್ಲಿ, ನಲವತ್ತೈದು ಜನರನ್ನು ಹೆಚ್ಚಿಗೆ ಹುಟ್ಟಿಸಿದ ಪುಣ್ಯಾತ್ಮ ವಾಮನ. ಅವನು ಲೋನ್ ಕೆಟಲನ್ನು ನೋಡಿದವನಲ್ಲ. ಅಮೆರಿಕವನ್ನೇ ನೋಡಿದವನಲ್ಲ. ಮೈಸೂರಿನವನು, ನೆದರ್‌ಲ್ಯಾಂಡ್ಸಿನ ವೂರ್‌ಬರ್ಗ್‌ನಲ್ಲಿ ಬಾಡಿಗೆ ಮನೆ, ದ ಹೇಗ್‌ನಲ್ಲಿ ಆಫೀಸು, ನಡುವೆ ಎದುರುಗಾಳಿ ಮತ್ತು ಸೈಕಲ್ಲು. ಬೆಳಿಗ್ಗೆ ಹೋಗುವಾಗಲೂ ಎದುರುಗಾಳಿ, ಸಂಜೆ ಬರುವಾಗಲೂ ಎದುರುಗಾಳಿ. ಇದು ಹೇಗೆ ಸಾಧ್ಯವೆಂದು ಆ ದೇಶದ ಯಾರೂ ಅವನಿಗೆ ವಿವರಿಸಿಲ್ಲ.

ಅವನ ಕಂಪನಿ ಕಾರುಗಳಿಗೆ ಮಾತು ಬರೆದುಕೊಡುತ್ತಿತ್ತು. ಅಮೆರಿಕದ ಹೆದ್ದಾರಿಯಲ್ಲಿ ಕಾರೊಂದು ಯಾವುದೋ ಸಣ್ಣ ಊರಿನ ಹತ್ತಿರ ಬಂದರೆ ಡ್ಯಾಶ್‌ಬೋರ್ಡಿನೊಳಗಿನ ಹೆಂಗಸಿನ ದನಿ ಆ ಊರಿನ ಭೂಗೋಳ, ಜನಸಂಖ್ಯೆ ಎರಡನ್ನೂ ನಾಲ್ಕು ವಾಕ್ಯದಲ್ಲಿ ಹೇಳಬೇಕು. ಹೇಳಿ ಮುಗಿಯುವಷ್ಟರಲ್ಲಿ ಊರೂ ಮುಗಿದಿರುತ್ತದೆ. ಅಮೆರಿಕದ ಹಳ್ಳಿಯ ವಿಷಯವನ್ನು ಅಮೆರಿಕದವನ ಕಿವಿಗೆ, ಸಮುದ್ರಮಟ್ಟಕ್ಕಿಂತ ಕೆಳಗೆ ಕೂತ ಮೈಸೂರಿನವನು ಯಾಕೆ ಹೇಳಬೇಕು ಎಂದು ಕೇಳಬಾರದು. ಕೇಳಿದರೆ ವೀಸಾ ಇರುವುದಿಲ್ಲ.

ಮೊದಲು ಈ ಕೆಲಸವನ್ನೆಲ್ಲ ಯಂತ್ರವೇ ಮಾಡುತ್ತಿತ್ತು. ಅದು ಒಂದೇ ಹೆಸರಿನ ಆರು ಊರುಗಳನ್ನು ಕಲಸಿ ಅಂಬಲಿ ಮಾಡಿದ ಮೇಲೆ ತಂಡದ ಮುಖ್ಯಸ್ಥೆ ಮಾರ್ಲೂಸ್ ಹೊಸ ಪದ್ಧತಿ ತಂದಳು: ಇಬ್ಬರು ಕೂರುವುದು, ಒಬ್ಬರು ಜನಗಣತಿಯ ಅಂಕಿಗಳನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕೇಳಿಸಿಕೊಂಡು ತುಂಬುವುದು. ಓದುವವಳು ಮಾರ್ಲೂಸ್. ಕೇಳುವವನು ವಾಮನ. ಕೇಳುವುದರಲ್ಲಿ ಅವನನ್ನು ಮೀರಿಸಿದವರು ಆ ಕಟ್ಟಡದಲ್ಲಿ ಇರಲಿಲ್ಲ.

ಅದಕ್ಕೆ ಕಾರಣವಿತ್ತು. ಅಜ್ಜಿ ರಾಜಮ್ಮನವರ ಮನೆಯ ನಡುಮನೆಯಲ್ಲಿ ಪ್ರತಿ ಶನಿವಾರ ಕಾವ್ಯವಾಚನ. ಒಬ್ಬರು ರಾಗವಾಗಿ ಪದ್ಯ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಉಳಿದವರು ಗೋಡೆಗೊರಗಿ ತಲೆದೂಗುವುದು. ವಾಮನ ನಾಲ್ಕು ವರ್ಷದವನಿದ್ದಾಗಿನಿಂದ ಗೋಡೆಗೊರಗಿದವನು. ಓದು ಎಂದರೆ ಬಾಯಿ ಒಣಗುತ್ತಿತ್ತು. ಕೇಳು ಎಂದರೆ ಸಂಜೆಯಿಂದ ಮಂಗಳಾರತಿಯವರೆಗೂ ಕೇಳುತ್ತಿದ್ದ. ಹಾಗೆ ಕೇಳುತ್ತ ಕೇಳುತ್ತ ಅವನ ತಲೆಯೊಳಗೆ ಹೊಕ್ಕ ಸಂಗತಿಗಳಲ್ಲಿ ಒಂದು, ಹಳೆಯ ಕವಿಗಳು ಸಂಖ್ಯೆ ಹೇಳುವ ರೀತಿ. ಅವರು ನೇರವಾಗಿ ಇಪ್ಪತ್ತೇಳು ಎನ್ನುವುದಿಲ್ಲ. 'ಗಿರಿ, ನಯನ' ಎನ್ನುತ್ತಾರೆ. ಗಿರಿ ಏಳು, ನಯನ ಎರಡು. ಬರೆಯುವಾಗ ಬಲದಿಂದ ಎಡಕ್ಕೆ ಹೋಗಬೇಕು: ಮೊದಲು ಕೇಳಿದ್ದು ಬಿಡಿಸ್ಥಾನಕ್ಕೆ, ಆಮೇಲೆ ಕೇಳಿದ್ದು ಹತ್ತರ ಸ್ಥಾನಕ್ಕೆ. ಏಳು ಬಲಕ್ಕೆ, ಎರಡು ಎಡಕ್ಕೆ. ಇಪ್ಪತ್ತೇಳು.

ಈ ವಿದ್ಯೆ ಮೈಸೂರಿನಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ. ಉಪಯೋಗಕ್ಕೆ ಬಂದದ್ದು ನೆದರ್‌ಲ್ಯಾಂಡ್ಸಿನಲ್ಲಿ. ಡಚ್ಚರೂ ಅದೇ ಜಾತಿ! ಇಪ್ಪತ್ತೇಳಕ್ಕೆ ಅವರು 'ಝೇವನ್-ಎನ್-ಟ್ವಿನ್ತಿಖ್' ಎನ್ನುತ್ತಾರೆ, ಅಂದರೆ ಏಳು-ಮತ್ತು-ಇಪ್ಪತ್ತು. ಹೊರಗಿನಿಂದ ಬಂದವರೆಲ್ಲ ಇಲ್ಲಿ ಮುಗ್ಗರಿಸುತ್ತಾರೆ. ಆಫೀಸಿನಲ್ಲಿ ಗ್ರಾಹಕರ ಫೋನು ನೋಡಿಕೊಳ್ಳುವ ಬೆಂಗಳೂರಿನ ಸಾಜಿದಾ, ಬಂದ ಹೊಸತರಲ್ಲಿ ಐವತ್ತೆರಡನೇ ನಂಬರಿನ ಮನೆಗೆ ಒಯ್ಯಬೇಕಾದ ಬಿರಿಯಾನಿಯನ್ನು ಇಪ್ಪತ್ತೈದನೇ ನಂಬರಿಗೆ ಕೊಟ್ಟು ಬಂದಿದ್ದಳು. ಅಲ್ಲಿದ್ದ ಮುದುಕ ಏನೂ ಕೇಳದೆ ತಿಂದು, ಪಾತ್ರೆ ತೊಳೆದು, ಮುಂದಿನ ಶುಕ್ರವಾರವೂ ಬರುತ್ತದಾ ಎಂದು ವಿಚಾರಿಸಿದನಂತೆ. ವಾಮನ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಡಚ್ಚರು ಬಾಯಿ ತೆರೆದರೆ ಸಾಕು, ಮೊದಲಿನದು ಬಲಕ್ಕೆ, ಆಮೇಲಿನದು ಎಡಕ್ಕೆ. ಮಾರ್ಲೂಸ್ ಡಚ್ಚಿನಲ್ಲಿ ಬಡಬಡ ಓದಿದಂತೆ ಅವನು ಪಟಪಟ ತುಂಬುತ್ತಿದ್ದ. ಇಬ್ಬರೂ ಸೇರಿ ಕಾನ್ಸಸ್ ಮುಗಿಸಿದರು, ಎರಡೂ ಡಕೋಟಾ ಮುಗಿಸಿದರು.

ಆ ಗುರುವಾರ ಬೆಳಿಗ್ಗೆ ಕಂಪನಿಯವರು ಮಾರ್ಲೂಸಳನ್ನು ಯಾವುದೋ ತರಬೇತಿಗೆ ಕೂರಿಸಿದ್ದರು. ಪರದೇಶದ ಸಹೋದ್ಯೋಗಿಗಳ ಜೊತೆ ಸೂಕ್ಷ್ಮವಾಗಿ ನಡೆದುಕೊಳ್ಳುವುದು ಹೇಗೆ ಎಂಬುದು ವಿಷಯ. ಮಧ್ಯಾಹ್ನ ಅವಳು ಬಂದು ಕೂತು, ತರಬೇತಿಯ ಫಲವಾಗಿ, ಹೇಳದೆ ಕೇಳದೆ ಇಂಗ್ಲಿಷಿನಲ್ಲಿ ಓದತೊಡಗಿದಳು.

"ಲೋನ್ ಕೆಟಲ್, ನೆಬ್ರಾಸ್ಕಾ. ಟ್ವೆಂಟಿ-ಸೆವೆನ್."

ವಾಮನನ ಬೆರಳು ಯೋಚಿಸಲಿಲ್ಲ. ಮೊದಲು ಕೇಳಿದ ಎರಡು ಬಲಕ್ಕೆ ಹೋಯಿತು. ಆಮೇಲೆ ಕೇಳಿದ ಏಳು ಎಡಕ್ಕೆ ಹೋಯಿತು. ಎಪ್ಪತ್ತೆರಡು. ಕಣ್ಣಿಗೆ ಬಿದ್ದಾಗಲೂ ಅನುಮಾನ ಬರಲಿಲ್ಲ, ಏಕೆಂದರೆ ಎಪ್ಪತ್ತೆರಡು ಎಂದರೆ ಮೇಳಕರ್ತ ರಾಗಗಳ ಸಂಖ್ಯೆ. ತಲೆಗೊಂದು ರಾಗದಂತೆ ಹಂಚಬಹುದಾದ ಊರು ಎಂದುಕೊಂಡು ಮನಸ್ಸಿನಲ್ಲೇ ಕೈಮುಗಿದು ಮುಂದಿನ ಸಾಲಿಗೆ ಹೋದ. ಅಲ್ಲಿಂದಾಚೆಯ ಊರುಗಳಲ್ಲಿ ಕೆಲವು ನೂರರ ಮೇಲಿನವು, ಮಾರ್ಲೂಸ್ ಬಿಡಿಬಿಡಿಯಾಗಿ ಅಂಕಿ ಹೇಳಿದಳು. ಉಳಿದವಕ್ಕೆ ಅವಳೇ ಇಂಗ್ಲಿಷು ಬೇಸರವಾಗಿ ಡಚ್ಚಿಗೆ ಮರಳಿದಳು. ಕೆಟ್ಟದ್ದು ಲೋನ್ ಕೆಟಲ್ ಒಂದೇ.

ಮೇ ತಿಂಗಳಲ್ಲಿ ಎಪ್ಪತ್ತೆರಡು ಮಂದಿ ನೆಬ್ರಾಸ್ಕಾದ ಕಾರುಗಳ ಮಾತಿನಲ್ಲಿ ಓಡಾಡತೊಡಗಿದರು. ಜೂನ್‌ನಲ್ಲಿ ಫೋನು ಬಂತು.

"ವಾಮನಾ, ನಿಂಗೇ ಫೋನು," ಎಂದಳು ಸಾಜಿದಾ, ರಿಸೀವರಿಗೆ ಅಂಗೈ ಮುಚ್ಚಿ. "ಅಮೆರಿಕಾದಿಂದ ಯಾರೋ ಆಂಟಿ. ಮೇಯರ್ ಅಂತೆ. ಎಪ್ಪತ್ತೆರಡು ಬರ್ದೋನು ಯಾರು, ಅವ್ನನ್ನ ಕೊಡು ಅಂತಿದಾಳೆ."

"ಯಾವ ಎಪ್ಪತ್ತೆರಡು?"

"ನಂಗೇನ್ ಗೊತ್ತೋ. ಮಾತಾಡು, ಕಚ್ಚಲ್ಲ. ಏಳು ಸಾವಿರ ಕಿಲೋಮೀಟರ್ ಆಚೆ ಇದಾಳೆ."

ವಾಮನ ಪಟ್ಟಿ ತೆರೆದು ನೋಡಿದ. ಲೋನ್ ಕೆಟಲ್‌ನ ಎದುರು ಗಣತಿಯದು ಇಪ್ಪತ್ತೇಳು, ತಾನು ತುಂಬಿದ್ದು ಎಪ್ಪತ್ತೆರಡು. ಅತ್ತ ಹೆಂಗಸಿನ ಹೆಸರು ಡೋರೀನ್. ಅವಳ ಇಂಗ್ಲಿಷಿನಲ್ಲಿ ಅರ್ಧಕ್ಕರ್ಧ ಮೂಗಿನಿಂದ ಬರುತ್ತಿತ್ತು. ವಾಮನನಿಗೆ ತಿಳಿದ ಹಾಗೆ ಅವಳು ಹೇಳಿದ್ದು ಇಷ್ಟು.

"ನೀನೇನಪ್ಪಾ ಎಪ್ಪತ್ತೆರಡು ಅಂತ ಹಾಕಿದ್ದು?"

"ಕ್ಷಮಿಸಿ ಮೇಡಂ, ಈಗಲೇ ಸರಿ ಮಾಡ್ತೀನಿ..."

"ಏಯ್! ಮುಟ್ಟಿದರೆ ನೋಡು! ಅದನ್ನ ಹೇಳೋಕೇ ಫೋನ್ ಮಾಡಿದ್ದು. ಮುಟ್ಟಬೇಡ."

ಡೋರೀನ್ ಮುಂದುವರಿಸಿದಳು. ಹೋಟೆಲು ಅವಳದು. ಮೇಯರೂ ಅವಳೇ, ಬೇರೆ ಎಲ್ಲರೂ ಒಲ್ಲೆ ಅಂದದ್ದರಿಂದ. ಆ ಹೋಟೆಲು ಈ ಚಳಿಗಾಲ ಮುಚ್ಚುವುದೆಂದು ನಿರ್ಧಾರವಾಗಿತ್ತು. ಅದು ಮುಚ್ಚಿದರೆ ಮೂಲೆಯ ಅಂಚೆ ಕಿಟಕಿಯೂ ಮುಚ್ಚುತ್ತದೆ. ಕಿಟಕಿ ಮುಚ್ಚಿದರೆ ಆ ಊರಿಗೆ ಪಿನ್‌ಕೋಡೂ ಇಲ್ಲ, ಹೆಸರೂ ಇಲ್ಲ. ಉಳಿದ ಇಪ್ಪತ್ತೇಳು ಜನ ಬರಿಯ ಹೊಲದಲ್ಲಿ ನಿಂತ ಇಪ್ಪತ್ತೇಳು ಜನ ಅಷ್ಟೇ.

"ಇಷ್ಟು ದಿನ ನಿಮ್ಮ ಪೆಟ್ಟಿಗೆಯೊಳಗಿನ ಹುಡುಗಿ ಇಪ್ಪತ್ತೇಳು ಅಂದ ಕೂಡ್ಲೆ ಜನ ಆಕ್ಸಿಲರೇಟರ್ ಒತ್ತಿ ಹೋಗೋರು. ಭೂತದ ಊರು ಅನ್ಕೊಂಡು. ಈಗ ಎಪ್ಪತ್ತೆರಡು ಅಂತಾಳೆ. ಎಪ್ಪತ್ತೆರಡು ಅಂದ್ರೆ ಕಕ್ಕಸು ಇರುತ್ತೆ ಅಂತ ಲೆಕ್ಕ. ನಿಲ್ತಾರೆ. ಕಕ್ಕಸಿಗೆ ಬಂದೋನು ನಾಚಿಕೆಗಾದ್ರೂ ಒಂದು ಕಾಫಿ ತಗೋತಾನೆ. ಅರ್ಥ ಆಯ್ತಾ ನಿನಗೆ?"

"ಆಯ್ತು ಮೇಡಂ."

"ಹೆಸರೇನು ನಿಂದು?"

"ವಾಮನ."

"ನೋಡು ವೇಮನ್, ನೀನು ಯಾರೋ ಏನೋ. ಆ ನಲವತ್ತೈದು ಜನ ಹೋದ್ರೆ ನನ್ನ ಒಲೆ ಆರುತ್ತೆ." ಫೋನಿಟ್ಟಳು.

ಈಗ ವಾಮನನ ಕಷ್ಟ ಶುರುವಾಯಿತು. ತಪ್ಪಾದ ಪದ್ಯ ಕೇಳಿದರೆ ಹಲ್ಲಿನಲ್ಲಿ ಮರಳು ಸಿಕ್ಕಂತಾಗುವ ಜಾತಿ ಅವನದು. ಅಜ್ಜಿಯ ನಡುಮನೆಯಲ್ಲಿ ಒಂದು ಮಾತ್ರೆ ಹೆಚ್ಚಾದರೂ ಗೋಡೆಗೊರಗಿದ ಅಷ್ಟೂ ಜನರ ತಲೆ ಒಟ್ಟಿಗೆ ನಿಂತುಬಿಡುತ್ತಿತ್ತು. ಈಗ ನಲವತ್ತೈದು ಮಾತ್ರೆ ಹೆಚ್ಚಾಗಿ, ದಿನಕ್ಕೆ ನೂರು ಕಾರಿನಲ್ಲಿ ಅದೇ ಪಾರಾಯಣ. ಸೈಕಲ್ ತುಳಿಯುವಾಗ ನಲವತ್ತೈದು ಮಂದಿ ಹಿಂದಿನ ಕ್ಯಾರಿಯರಿನಲ್ಲಿ ಕೂತಂತೆ ಭಾರ.

"ಬಿಟ್ಬಿಡೋ," ಎಂದಳು ಸಾಜಿದಾ, ಕ್ಯಾಂಟೀನಿನಲ್ಲಿ ಒಣ ಬ್ರೆಡ್ಡಿನ ಮೇಲೆ ಮನೆಯ ಉಪ್ಪಿನಕಾಯಿ ಸವರುತ್ತ. "ನಲವತ್ತೈದು ಜನ ಜಾಸ್ತಿ ಆದ್ರೆ ನೆಬ್ರಾಸ್ಕಾ ಮುಳುಗುತ್ತಾ? ಮುಳುಗೋ ಜಾಗ್ದಲ್ಲಿ ಇರೋರು ನಾವು. ಆ ಆಂಟಿ ಹೊಟ್ಟೆ ಮೇಲೆ ಯಾಕ್ ಹೊಡೀತೀಯಾ?"

"ಸುಳ್ಳಲ್ವಾ ಸಾಜಿದಾ ಅದು?"

"ಹೌದು ಸುಳ್ಳು. ನಿನ್ನೆ ಮಾರ್ಲೂಸ್ ತಂದ ಬಟಾಣಿ ಸೂಪ್ ಕುಡಿದು 'ಲೆಕ್ಕರ್ ಲೆಕ್ಕರ್', ಭಾರಿ ರುಚಿ ಅಂದ್ಯಲ್ಲಾ, ಅದೇನು ವೇದವಾಕ್ಯಾನಾ?"

"ಅದು ರುಚಿ. ಇದು ಸಂಖ್ಯೆ."

"ಯಾ ಅಲ್ಲಾ! ನಿನ್ನ ಕಟ್ಕೊಂಡೋಳು ಹೆಂಗ್ ಬಾಳ್ತಾಳೋ," ಎಂದು ಅವಳು ಉಪ್ಪಿನಕಾಯಿಯ ಬಾಟಲಿಯನ್ನು ಅವನತ್ತ ತಳ್ಳಿದಳು.

ಅವನು ಮಾರ್ಲೂಸಳ ಮೇಜಿಗೆ ಹೋಗಿ ನಡೆದದ್ದನ್ನು ಹೇಳಿದ. ಕವಿಗಳು, ಗಿರಿ, ನಯನ, ಡಚ್ಚರು ಎಲ್ಲವನ್ನೂ ಹೇಳಿದ. ಅವಳು ಸೂಕ್ಷ್ಮವಾಗಿ ಕೇಳಿಸಿಕೊಂಡಳು, ತರಬೇತಿಯ ಪುಣ್ಯ.

"ಅಂದರೆ ನಾನು ಇಂಗ್ಲಿಷ್ ಮಾತಾಡಿದ್ದಕ್ಕೆ ತಪ್ಪಾಯ್ತು?"

"ಹಾಗಲ್ಲ. ನೀವು ಡಚ್ ಮಾತಾಡಲಿಲ್ಲವಲ್ಲ, ಅದಕ್ಕೆ."

"ನಾಲ್ಕು ಗಂಟೆ ಕೂರಿಸಿದ್ದರು ನನ್ನನ್ನ ಅಲ್ಲಿ," ಎಂದಳು ಮಾರ್ಲೂಸ್. ಒಂದು ನಿಟ್ಟುಸಿರು. "ಸರಿ. ತಪ್ಪು ತಪ್ಪೇ. ಇವತ್ತೇ ಇಪ್ಪತ್ತೇಳು ಮಾಡು."

"ಹೋಟೆಲು ಮುಚ್ಚುತ್ತಂತೆ."

"ನಾವು ಹೋಟೆಲು ನಡೆಸ್ತಿಲ್ಲ, ವಾಮನ. ಅಂಕಿ ಸರಿ ಇರಬೇಕು. ನಮ್ಮ ವಕೀಲರು ಓದೋದು ಅಂಕಿ ಮಾತ್ರ."

"ಭೂಗೋಳ?"

"ಅದನ್ನ ಯಾರು ಓದ್ತಾರೆ? ಸುಳ್ಳಿರಬಾರದು, ನಾಲ್ಕು ವಾಕ್ಯ ಮೀರಬಾರದು."

ವಾಮನ ಇಪ್ಪತ್ತೇಳು ಮಾಡಿದ. ಹಲ್ಲಿನ ಮರಳು ಹೋಯಿತು. ಅದರ ಜಾಗಕ್ಕೆ ಡೋರೀನಳ ಒಲೆ ಬಂದು ಕೂತಿತು. ಭೂಗೋಳದ ಅಂಕಣದಲ್ಲಿ ಯಂತ್ರ ಬರೆದ ವಾಕ್ಯ ಮಿನುಗುತ್ತಿತ್ತು: 'ಒಟ್ಟು ವಿಸ್ತೀರ್ಣ ಕಾಲು ಚದರ ಮೈಲಿ, ಪೂರ್ತಿ ನೆಲ.' ಇದೂ ಒಂದು ನಗರವರ್ಣನೆಯೇ ಎಂದುಕೊಂಡ. ಮಹಾಕಾವ್ಯ ಹಾಡಬೇಕೆಂದರೆ ನಗರ ಮೊದಲಾಗಿ ಹದಿನೆಂಟು ವರ್ಣನೆ ಬೇಕೆಂದು ನಡುಮನೆಯಲ್ಲಿ ಅರ್ಥ ಹೇಳುತ್ತಿದ್ದ ಗೋವಿಂದರಾಜು ಮೇಷ್ಟ್ರು ಬೆರಳು ಮಡಿಸಿ ಎಣಿಸುತ್ತಿದ್ದರು. ಸಮುದ್ರ, ಬೆಟ್ಟ, ಋತು, ಚಂದ್ರೋದಯ, ಸೂರ್ಯೋದಯ, ಜಲಕ್ರೀಡೆ, ಮಧುಪಾನ, ಹೀಗೆ. ವಾಮನ ಕಾಗದ ಎಳೆದುಕೊಂಡು ನೆಬ್ರಾಸ್ಕಾಕ್ಕೆ ಫೋನು ಹಚ್ಚಿದ. ಅಂಕಿ ಇಳಿಸಿದ್ದಕ್ಕೆ ಮೊದಲು ಬೈಗುಳ ಬಂತು. ಅದನ್ನೂ ಪೂರ್ತಿಯಾಗಿ ಕೇಳಿಸಿಕೊಂಡ.

"ಮುಗೀತಾ ಮೇಡಂ? ಈಗ ನಿಮ್ಮೂರಿನ ಬಗ್ಗೆ ಕೆಲವು ಪ್ರಶ್ನೆ. ಸಮುದ್ರ?"

"ಏನು?"

"ಸಮುದ್ರ ಇದೆಯಾ?"

"ನೆಬ್ರಾಸ್ಕಾ ಕಣಯ್ಯಾ ಇದು! ಯಾವ ಕಡೆ ಹೋದ್ರೂ ಎರಡು ದಿನ."

"ಬೆಟ್ಟ?"

"ಕಣಜ ಇದೆ."

"ನದಿ?"

"ಒಂದು ಹಳ್ಳ ಇದೆ. ಅದರಲ್ಲಿ ನೀರು ಬಂದ್ರೆ ಪೇಪರಲ್ಲಿ ಹಾಕ್ತಾರೆ."

"ಜಲಕ್ರೀಡೆ?"

"ಟ್ರಾಕ್ಟರ್ ತೊಳೀತಾರೆ."

"ಮಧುಪಾನ?"

"ಪಾದ್ರಿ ಊರಲ್ಲಿಲ್ಲದಾಗ."

"ಸೈನ್ಯ ಹೊರಡೋದು?"

"ಸುಗ್ಗಿಗೆ ಕೊಯ್ಲಿನ ಯಂತ್ರಗಳು ಸಾಲಾಗಿ ಹೋಗ್ತವೆ. ದೀಪ ಹಾಕ್ಕೊಂಡು. ಅದನ್ನ ನೋಡೋಕೆ ನಾನೇ ಹೊರಗೆ ಬಂದು ನಿಲ್ತೀನಿ."

ವಾಮನ ಬರೆದುಕೊಂಡ. "ವಿರಹ?"

"ಅದೇನದು?"

"ಬಿಟ್ಟು ಹೋದವರನ್ನ ನೆನೆಸ್ಕೊಳ್ಳೋದು."

"ಬರ್ಕೋ," ಎಂದಳು ಡೋರೀನ್. "ಮನೆಮನೆಗೂ ಇದೆ."

ಹದಿನೆಂಟರಲ್ಲಿ ಒಂದು ರತೋತ್ಸವ. ಅದು ಬಂದಾಗ ವಾಮನ ಕೆಮ್ಮಿ, ನೇರವಾಗಿ ಸೂರ್ಯೋದಯಕ್ಕೆ ಹಾರಿದ. "ಸೂರ್ಯೋದಯ ಹೇಗಿರುತ್ತೆ ಮೇಡಂ?"

"ಹೇಗಿರುತ್ತೆ ಅಂದ್ರೆ? ಅಡ್ಡ ಏನೂ ಇಲ್ವಲ್ಲಪ್ಪಾ. ಎದ್ದ ತಕ್ಷಣ ಸೀದಾ ಕಾಫಿ ಲೋಟಕ್ಕೆ ಬೀಳುತ್ತೆ." ಆಮೇಲೆ ದನಿ ತಗ್ಗಿಸಿ, "ಇದೆಲ್ಲ ಯಾತಕ್ಕೆ ಕೇಳ್ತಿದೀಯಾ?"

"ಬರೀಬೇಕು."

"ಬರೆದ್ರೆ ಕಕ್ಕಸಿಗೆ ನಿಲ್ತಾರಾ?"

ಆ ಪ್ರಶ್ನೆಯನ್ನೂ ವಾಮನ ಬರೆದುಕೊಂಡ.

ಮರುದಿನವೆಲ್ಲ ಅದೇ ಕೆಲಸ. ಚಪ್ಪಟೆ ನೆಲದ ಕಷ್ಟಸುಖ ಅವನಿಗೆ ಹೊಸತಲ್ಲ. ವೂರ್‌ಬರ್ಗ್‌ನಲ್ಲಿ ಬೆಟ್ಟ ಎಂದರೆ ಕಾಲುವೆಯ ಮೇಲಿನ ಸೇತುವೆ. ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಕಾರಿನಲ್ಲಿ ಕೇಳುವ ಮಾತು ಕಣ್ಣಿಗಲ್ಲ, ಕಿವಿಗೆ ಸರಿಹೋಗಬೇಕು. ಅದನ್ನು ತಿಳಿಯಲು ಇರುವುದು ಒಂದೇ ದಾರಿ. ಕೊನೆಗೆ ಅವನು ಸಭಾಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ನಲವತ್ತರ ಹತ್ತಿರದ ವಯಸ್ಸಿನಲ್ಲಿ, ಜೀವಮಾನದಲ್ಲೇ ಮೊದಲ ಸಲ ಗಟ್ಟಿಯಾಗಿ ಓದಿದ. ಬಾಯಿ ಒಣಗಿತು. ಆದರೂ ಓದಿದ. ಬಾಗಿಲು ಗಾಜಿನದೆಂಬುದು ಮರೆತಿತ್ತು. ಹೊರಗೆ ಸಾಜಿದಾ ಮತ್ತು ಮಾರ್ಲೂಸ್ ಇಬ್ಬರೂ ನಿಂತಿದ್ದರು. ಇಂಗ್ಲಿಷಿನ ವಾಕ್ಯಗಳು ಮೋಹನ ರಾಗದ ಆಸುಪಾಸಿನಲ್ಲಿ ಓಡಾಡುತ್ತಿದ್ದವು:

"ಲೋನ್ ಕೆಟಲ್, ಜನಸಂಖ್ಯೆ ಇಪ್ಪತ್ತೇಳು. ಇಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ, ಸಮುದ್ರ ಯಾವ ದಿಕ್ಕಿಗೆ ಹೋದರೂ ಎರಡು ದಿನ, ಆದ್ದರಿಂದ ಬೆಳಗಿನ ಸೂರ್ಯ ಯಾರನ್ನೂ ಕೇಳದೆ ನೇರವಾಗಿ ಡೋರೀನಳ ಹೋಟೆಲಿನ ಕಾಫಿ ಲೋಟಕ್ಕೆ ಬೀಳುತ್ತಾನೆ. ಊರು ಬಿಟ್ಟು ಹೋದವರಿಗಾಗಿ ಇಪ್ಪತ್ತೇಳು ಮಂದಿಯೂ ಕಿಟಕಿಯ ಪಕ್ಕದ ಕುರ್ಚಿ ಖಾಲಿ ಬಿಟ್ಟಿದ್ದಾರೆ, ನೀವು ಕೂರಬಹುದು. ಮುಂದಿನ ಶೌಚಾಲಯಕ್ಕೆ ನಲವತ್ತೊಂದು ಮೈಲಿ."

ಮಾರ್ಲೂಸ್ ಬಾಗಿಲು ತೆರೆದಳು. "ಕೊನೆಯ ವಾಕ್ಯ ಚೆನ್ನಾಗಿದೆ. ಉಪಯುಕ್ತ. ಉಳಿದದ್ದು ತೆಗೆದುಬಿಡು."

ವಾಮನ ಅವಳಿಗೆ ಎಂದೂ ಎದುರಾಡಿದವನಲ್ಲ. "ಆಗಲ್ಲ," ಎಂದ.

"ಯಾಕೆ?"

"ಕೊನೆಯದನ್ನ ಕೇಳಿದರೆ ಗಾಡಿ ನಿಲ್ಲಿಸ್ತಾರೆ. ಮೊದಲಿನದು ಕೇಳಿದರೆ ಕೂರ್ತಾರೆ. ಇದರಲ್ಲಿ ಸುಳ್ಳೆಲ್ಲಿದೆ ತೋರಿಸಿ."

ಮಾರ್ಲೂಸ್ ನಿಜವಾಗಿಯೂ ಹುಡುಕಿದಳು. ನಲವತ್ತೊಂದು ಮೈಲಿಯನ್ನು ನಕ್ಷೆಯಲ್ಲಿ ಅಳೆದಳು, ಸರಿಯಿತ್ತು. "ಖಾಲಿ ಕುರ್ಚಿ?"

"ಕೇಳಿದೀನಿ. ಇದೆ."

"ವಿಶೇಷಣ ಬಳಸಿಲ್ಲ," ಎಂದು ಒಪ್ಪಿಕೊಂಡಳು ಮಾರ್ಲೂಸ್, ಡಚ್ಚರಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. "ಒಂದು ತಿಂಗಳು ಇರಲಿ. ಆದರೆ ದಯವಿಟ್ಟು ಇನ್ನು ಮೇಲೆ ಹಾಡಬೇಡ."

"ಹಾಡಲಿ ಬಿಡಿ, ಚೆನ್ನಾಗೇ ಇತ್ತಲ್ಲ," ಎಂದಳು ಸಾಜಿದಾ. ಮಾರ್ಲೂಸ್ ಆಚೆ ಹೋದ ಮೇಲೆ ಅವನ ಬೆನ್ನಿಗೊಂದು ಗುದ್ದು ಕೊಟ್ಟು, "ನಂಗೆ ಬಾತ್‌ರೂಮ್‌ಗೆ ಹೋಗ್ಬೇಕು ಅನ್ನಿಸ್ತು ಕಣೋ. ನಿಜವಾಗ್ಲೂ."

ಮೂರು ವಾರ ನೆಬ್ರಾಸ್ಕಾದಿಂದ ಸುದ್ದಿಯಿಲ್ಲ. ವಾಮನ ದಿನವೂ ಸಾಜಿದಾಳ ಮೇಜಿನ ಹತ್ತಿರ ಹಾದುಹೋಗಲು ನೆಪ ಹುಡುಕಿದ. ಅಗತ್ಯವಿಲ್ಲದ ಸ್ಟೇಪ್ಲರನ್ನು ನಾಲ್ಕು ಸಲ ಸಾಲ ತಂದ. ಒಂದು ಸಂಜೆ ಕೋಟು ಹಾಕಿಕೊಂಡು ಹೊರಟಿದ್ದಾಗ ಅವಳು ಕೂಗಿ ಕರೆದು ರಿಸೀವರು ಚಾಚಿದಳು.

"ವೇಮನ್?" ಅತ್ತಲಿಂದ ಪಾತ್ರೆಗಳ ಸದ್ದು, ಯಾರೋ ನಗುವುದು.

"ಹೇಳಿ ಮೇಡಂ."

"ಎಪ್ಪತ್ತೆರಡಕ್ಕೆ ನಿಲ್ತಿದ್ದಷ್ಟು ಜನ ಈಗ ನಿಲ್ಲಲ್ಲ. ಸುಳ್ಳು ಯಾಕೆ ಹೇಳ್ಲಿ. ಅರ್ಧಕ್ಕೆ ಬಂದಿದೆ."

ವಾಮನ ಕೋಟಿನ ಗುಂಡಿ ಹಿಡಿದು ನಿಂತ.

"ಆದ್ರೆ ಆವಾಗ ಬರ್ತಿದ್ದೋರು ನಿಂತ್ಕೊಂಡೇ ಕುಡಿದು ಓಡೋರು. ಈಗ ಬಂದೋರು ಆ ಕುರ್ಚಿ ಯಾವ್ದು ಅಂತ ಕೇಳಿ ಕೂತ್ಕೋತಾರೆ. ನಿನ್ನೆ ಒಬ್ಬ ಬಂದಿದ್ದ, ಡೆನ್ವರ್ ಕಡೆಯೋನು, ದೊಡ್ಡ ಮೀಸೆ. ಕಾಫಿ ಕುಡಿದು, ಎಲ್ರೀ ನಿಮ್ಮ ಇಪ್ಪತ್ತೇಳು ಜನ, ನೋಡ್ಬೇಕಲ್ಲ ಅಂದ. ಇದ್ದ ಆರು ಜನರನ್ನ ಕರೆದು ತೋರಿಸ್ದೆ. ಉಳಿದೋರು ಹೊಲದಲ್ಲಿದಾರೆ, ಸಂಜೆ ಬರ್ತಾರೆ ಅಂದೆ. ಏನ್ ಮಾಡ್ದ ಗೊತ್ತಾ? ಕೂತ. ಸಂಜೆವರ್ಗೂ ಕೂತ! ಬಂದೋರಿಗೆಲ್ಲ ಕೈ ಕುಲುಕಿ, ಎಣಿಸಿ ಎಣಿಸಿ, ಊಟ ಮಾಡಿ, ಪಾದ್ರಿ ಒಬ್ಬ ಬರೋದು ಬಾಕಿ ಇತ್ತಲ್ಲ, ಅವ್ನಿಗೋಸ್ಕರ ಇನ್ನೊಂದು ಪೈ ತಿಂದ. ಇಪ್ಪತ್ತೇಳೂ ಮುಗಿಸ್ಕೊಂಡೇ ಹೋಗಿದ್ದು. ಎಪ್ಪತ್ತೆರಡು ಇದ್ದಿದ್ರೆ ಕಾಯ್ತಿದ್ನಾ?"

"ಇಲ್ಲ ಮೇಡಂ."

"ಚಳಿಗಾಲಕ್ಕೂ ಹಿಟ್ಟು ತರಿಸೋಕೆ ಹೇಳಿದೀನಿ, ಒಲೆ ಆರಲ್ಲ," ಎಂದಳು ಡೋರೀನ್. "ಮುಂದಿನ ವರ್ಷದ್ದು ಮುಂದೆ. ಈಗ ಫೋನಿಡ್ತೀನಿ, ಕುರ್ಚಿಗೆ ಇಬ್ಬರು ಜಗಳ ಆಡ್ತಿದಾರೆ."